ಮೊದಲಿಗನ ಕಥನ ಮತ್ತು ಪಾಠಾಂತರಗಳು: ಡಿಜಿಟಲ್ ಕ್ಯಾಮೆರಾದ ಆದಿಚರಿತ್ರೆಯನ್ನು ತಳಕು ಸೀಮೆಯಿಂದ ಓದುವುದು

ಯಂತ್ರವೊಂದು ಹುಟ್ಟಿದ ಬಗೆಯನ್ನು ಹೇಳುವ ಚರಿತ್ರೆಯೂ ಒಂದು ಕಥನವೇ. ಅದಕ್ಕೂ ನಾಯಕನಿರುತ್ತಾನೆ, ಅಡ್ಡಿಗಳಿರುತ್ತವೆ, ನಾಯಕನ ಬೆಲೆಯನ್ನು ಅರಿಯದ ದೊರೆಗಳಿರುತ್ತಾರೆ, ಕೊನೆಗೊಂದು ಫಲಶ್ರುತಿಯೂ ಇರುತ್ತದೆ. ಐತಿಹ್ಯ, ಪುರಾಣ, ಮೌಖಿಕ ಕಾವ್ಯಗಳನ್ನು ಬಿಡಿಸಿ ನೋಡಲು ಜಾನಪದ ಅಧ್ಯಯನವು ರೂಪಿಸಿಕೊಂಡ ಪರಿಕರಗಳನ್ನು ಇಂಥ ಆಧುನಿಕ ಕಥನಗಳಿಗೆ ಅನ್ವಯಿಸಿ ನೋಡಿದ ಪ್ರಯತ್ನಗಳು ಕನ್ನಡದಲ್ಲಿ ವಿರಳ. ಡಿಜಿಟಲ್ ಕ್ಯಾಮೆರಾದ ವಿಷಯದಲ್ಲಿ ಹಾಗೆ ನೋಡುವ ಅಗತ್ಯ ಹೆಚ್ಚು. ಕಳೆದ ಎರಡು ದಶಕಗಳಲ್ಲಿ ನಮ್ಮ ಕ್ಷೇತ್ರಕಾರ್ಯದ ದೃಶ್ಯ ಆಕರಗಳು ಬಹುಪಾಲು ಈ ಯಂತ್ರದಿಂದಲೇ ಸಿದ್ಧವಾಗಿವೆ. ಹಾಡುಗಾರ್ತಿಯ ಹೆಸರು, ಊರು, ಕುಲ, ವಯಸ್ಸುಗಳನ್ನು ಕೇಳಿ ಬರೆದುಕೊಳ್ಳುವ ಶಿಸ್ತು ನಮ್ಮದು. ಆದರೆ ಆಕೆಯ ಚಿತ್ರವನ್ನು ಹಿಡಿದ ಉಪಕರಣದ ಕುಲಮೂಲವನ್ನು ವಿಚಾರಿಸುವ ರೂಢಿ ಆ ಶಿಸ್ತಿನಲ್ಲಿಲ್ಲ.

ಪ್ರಸ್ತುತ ಲೇಖನವು ಆ ಕುಲಮೂಲವನ್ನು ತಳಕು ಸೀಮೆಯಲ್ಲಿ ನಿಂತು ಓದಲು ಯತ್ನಿಸುತ್ತದೆ. ತಳಕು ಚಳ್ಳಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ವಿಧಾನಸಭೆಯ ಲೆಕ್ಕದಲ್ಲಿ ಮೊಳಕಾಲ್ಮುರು ಕ್ಷೇತ್ರಕ್ಕೆ ಸೇರಿದ್ದು. ಊರ ಹೆಸರನ್ನು ತಳಕು ಎಂದೂ ತಳುಕು ಎಂದೂ ಎರಡು ಬಗೆಯಾಗಿ ಬರೆಯುತ್ತಾರೆ. ಟಿ.ಎಸ್. ವೆಂಕಣ್ಣಯ್ಯನವರ ಮತ್ತು ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರದಲ್ಲಿರುವುದು ಈ ಊರೇ. ಪಾಠಾಂತರದೊಂದಿಗೆ ಬಾಳುವುದು ಇಲ್ಲಿನವರಿಗೆ ಹೊಸತಲ್ಲ. ಈ ಸೀಮೆಯನ್ನು ಆರಿಸಿಕೊಂಡದ್ದಕ್ಕೆ ಊರಭಿಮಾನ ಕಾರಣವಲ್ಲ. ಒಂದೇ ಪಠ್ಯಕ್ಕೆ ಹಲವರು ವಾರಸುದಾರರಾಗಿರುವ ಮೌಖಿಕ ಪರಂಪರೆ, ಚಿತ್ರವನ್ನು ಚೌಕಚೌಕವಾಗಿ ಒಡೆದು ನೇಯುವ ಕಸುಬು, ಆಕಾಶದಿಂದ ನೆಲವನ್ನು ಅಳೆಯುವ ಕ್ಯಾಮೆರಾದ ಪರೀಕ್ಷಾಭೂಮಿ ಈ ಮೂರೂ ಅಕ್ಕಪಕ್ಕದ ಎರಡು ತಾಲ್ಲೂಕುಗಳಲ್ಲಿ ಒಟ್ಟಿಗೆ ಸಿಗುವುದು ಅಪರೂಪ.

ಪ್ರಚಲಿತ ಕಥೆ ಹೀಗಿದೆ. ಅಮೆರಿಕದ ರಾಚೆಸ್ಟರ್ ನಗರದ ಈಸ್ಟ್‌ಮನ್ ಕೊಡಕ್ ಕಂಪನಿಗೆ 1973ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಸೇರುತ್ತಾನೆ. ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಿಸಿಡಿ ಎಂಬ ಹೊಸ ಬಿಲ್ಲೆಯಿಂದ ಏನಾದರೂ ಪ್ರಯೋಜನವುಂಟೇ ನೋಡು ಎಂದು ಮೇಲಧಿಕಾರಿ ಗ್ಯಾರೆತ್ ಲಾಯ್ಡ್ ಅವನಿಗೆ ಕೆಲಸ ವಹಿಸುತ್ತಾರೆ. ಸಿನಿಮಾ ಕ್ಯಾಮೆರಾದ ಬಿಡಿಭಾಗಗಳ ರಾಶಿಯಿಂದ ಆಯ್ದ ಒಂದು ಮಸೂರ, ಫೇರ್‌ಚೈಲ್ಡ್ ಕಂಪನಿಯ 100 ಅಡ್ಡಸಾಲು 100 ಉದ್ದಸಾಲುಗಳ ಸಿಸಿಡಿ, 16 ಬ್ಯಾಟರಿಗಳು, ಒಂದು ಕ್ಯಾಸೆಟ್ ರೆಕಾರ್ಡರ್ ಇವಿಷ್ಟನ್ನು ಜೋಡಿಸಿ 1975ರ ಡಿಸೆಂಬರಿನಲ್ಲಿ ಸುಮಾರು ಮೂರೂವರೆ ಕಿಲೋ ತೂಕದ ಯಂತ್ರವೊಂದು ಸಿದ್ಧವಾಗುತ್ತದೆ. ಪ್ರಯೋಗಾಲಯದ ಸಹಾಯಕಿ ಜಾಯ್ ಮಾರ್ಷಲ್ ಅವರ ಚಿತ್ರವನ್ನು ಅದು ಹಿಡಿಯುತ್ತದೆ. ಟಿ.ವಿ. ತೆರೆಯ ಮೇಲೆ ಆಕೆಯ ಕಪ್ಪು ಕೂದಲು, ಹಿಂದಿನ ಬಿಳಿಯ ಗೋಡೆ ಮೂಡುತ್ತವೆ. ಮುಖ ಮಾತ್ರ ಕಲಸಿಹೋಗಿರುತ್ತದೆ. ಇನ್ನೂ ಕೆಲಸ ಬಾಕಿಯಿದೆ ಎಂದು ಹೇಳಿ ಆಕೆ ಹೊರಟುಹೋದಳಂತೆ. ತಂತಿಗಳ ಜೋಡಣೆಯಲ್ಲಿ ಆದ ಅದಲುಬದಲನ್ನು ಸರಿಪಡಿಸಿದ ಮೇಲೆ ಮುಖ ಮೂಡುತ್ತದೆ. 1976ರಲ್ಲಿ ಇದನ್ನು ಕಂಪನಿಯ ಹಿರಿಯರ ಮುಂದಿಟ್ಟಾಗ, ಚಿತ್ರವನ್ನು ಟಿ.ವಿ.ಯಲ್ಲಿ ನೋಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮುದ್ದಾಗಿದೆ, ಯಾರಿಗೂ ಹೇಳಬೇಡ ಎಂಬ ಮಾತೂ ಬರುತ್ತದೆ. ಜನರ ಕೈಗೆ ಇದು ತಲುಪಲು ಹದಿನೈದಿಪ್ಪತ್ತು ವರ್ಷ ಬೇಕೆಂದು ಸ್ಯಾಸನ್ ಭವಿಷ್ಯ ನುಡಿಯುತ್ತಾನೆ. ಕಂಪನಿ ಕಿವಿಗೊಡುವುದಿಲ್ಲ. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕುತ್ತದೆ.

ಜಾನಪದದ ವಿದ್ಯಾರ್ಥಿಗೆ ಈ ಕಥೆಯ ಆಶಯಗಳು ಅಪರಿಚಿತವೇನಲ್ಲ. ಕಸದ ರಾಶಿಯಲ್ಲಿ ದೊರೆತ ಆಯುಧ, ಮೊದಲ ಯತ್ನದಲ್ಲಿ ಮೂಡದ ಮುಖ, ನಗುವ ದೊರೆಗಳು, ನುಡಿದ ಕಾಲಜ್ಞಾನ, ಕಾಲಜ್ಞಾನವನ್ನು ಕಡೆಗಣಿಸಿದ್ದರಿಂದ ಅಳಿದ ಪಟ್ಟಣ. ನಮ್ಮ ಸೀಮೆಯ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಥನದಲ್ಲಿಯೂ ನಾಯಕನಿಗೆ ಸಂಕಟ ಬರುವುದು ಹೊರಗಿನ ಶತ್ರುವಿನಿಂದಲ್ಲ, ಸೋದರಮಾವಂದಿರಿಂದ. ಸ್ಯಾಸನ್ನನ ಕಥೆ ಇಷ್ಟೊಂದು ಜನಪ್ರಿಯವಾಗಲು ಅದರ ತಾಂತ್ರಿಕ ಮಹತ್ತ್ವಕ್ಕಿಂತ ಈ ರಾಚನಿಕ ಬಿಗಿಯೇ ಮುಖ್ಯ ಕಾರಣವೆಂದು ತೋರುತ್ತದೆ. ವ್ಯಾಪಾರಾಡಳಿತದ ತರಗತಿಗಳಲ್ಲಿ ಅದನ್ನು ನೀತಿಕಥೆಯಾಗಿ ಹೇಳುತ್ತಾರೆ. ಕಥೆಯ ವಿವರಗಳು ಸುಳ್ಳಲ್ಲ. ಹೆಚ್ಚಿನವನ್ನು ಸ್ಯಾಸನ್ ಅವರೇ ಅನಂತರ ಬರೆದೂ ಹೇಳಿಯೂ ಇದ್ದಾರೆ. ಪರಿಶೀಲಿಸಬೇಕಾದದ್ದು ವಿವರಗಳನ್ನು ಪೋಣಿಸಿದ ದಾರವನ್ನು.

ಬಚ್ಚಿಟ್ಟ ನಿಧಿಯ ಆಶಯವನ್ನು ಮೊದಲು ನೋಡಬಹುದು. ಲಾಯ್ಡ್ ಮತ್ತು ಸ್ಯಾಸನ್ ಇಬ್ಬರ ಹೆಸರಿನಲ್ಲಿ ಈ ಯಂತ್ರಕ್ಕೆ ಅಮೆರಿಕದ ಪೇಟೆಂಟ್ ದೊರೆತದ್ದು 1978ರ ಡಿಸೆಂಬರ್ 26ರಂದು. ಪೇಟೆಂಟ್ ಎಂಬುದು ಗುಟ್ಟಿನ ಕಾಗದವಲ್ಲ. ಮಾಡಿದ್ದನ್ನು ಎಲ್ಲರೂ ಓದುವಂತೆ ಬರೆದುಕೊಡುವುದೇ ಆ ಹಕ್ಕಿಗೆ ತೆರುವ ಬೆಲೆ. ಬಣ್ಣದ ಡಿಜಿಟಲ್ ಚಿತ್ರಕ್ಕೆ ಇಂದಿಗೂ ಆಧಾರವಾಗಿರುವ ಹಸಿರು-ಕೆಂಪು-ನೀಲಿ ಚೌಕಗಳ ಜಾಲರಿಯನ್ನು ರೂಪಿಸಿದ ಬ್ರೈಸ್ ಬೇಯರ್ ಅದೇ ಕೊಡಕ್ ಕಂಪನಿಯವರು. ಅವರ ಪೇಟೆಂಟ್ 1976ರದು. 1986ರಲ್ಲಿ ಹದಿನಾಲ್ಕು ಲಕ್ಷ ಪಿಕ್ಸೆಲ್‌ಗಳ ಸಂವೇದಕವನ್ನು ಮಾಡಿದ್ದೂ, 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾದ ಮೈಗೆ ತನ್ನ ಬಿಲ್ಲೆಯನ್ನು ತೊಡಿಸಿ ಪತ್ರಿಕಾ ಛಾಯಾಗ್ರಾಹಕರಿಗೆ ಮಾರಿದ್ದೂ ಅದೇ ಕಂಪನಿ. ಕಣ್ಣು ಮುಚ್ಚಿಕೊಂಡು ಅಳಿದ ಪಟ್ಟಣದ ಚಿತ್ರ ಇದಲ್ಲ. ಫಿಲ್ಮಿನ ಆದಾಯವನ್ನು ಬಿಡಲಾರದೆ, ಹೊಸದನ್ನು ಹಿಡಿಯದಿರಲಾರದೆ ಎರಡು ದೋಣಿಯಲ್ಲಿ ಕಾಲಿಟ್ಟ ಸಂಸ್ಥೆಯ ಚಿತ್ರ. ಕಥೆಗೆ ಅದು ಒಗ್ಗುವುದಿಲ್ಲವಾದ್ದರಿಂದ ಕಥೆಯೊಳಗೆ ಬಂದಿಲ್ಲ.

ಇನ್ನು 'ಮೊದಲು' ಎಂಬ ಮಾತು. ಸ್ಯಾಸನ್ನನ ಯಂತ್ರಕ್ಕಿಂತ ಹತ್ತು ತಿಂಗಳು ಮುಂಚೆ, 1975ರ ಫೆಬ್ರವರಿಯಲ್ಲಿ, ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯು ಸೈಕ್ಲಾಪ್ಸ್ ಎಂಬ ಕ್ಯಾಮೆರಾವನ್ನು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಬಗೆಯನ್ನು ಪ್ರಕಟಿಸಿತ್ತು. ಟೆರ್ರಿ ವಾಕರ್, ಹ್ಯಾರಿ ಗಾರ್ಲೆಂಡ್, ರೋಜರ್ ಮೆಲೆನ್ ಎಂಬ ಮೂವರು ರೂಪಿಸಿದ ಆ ಕ್ಯಾಮೆರಾದಲ್ಲಿದ್ದುದು 32ಕ್ಕೆ 32ರ ಚೌಕ, ಎಂದರೆ 1,024 ಬಿಂದುಗಳು. ಅದರ ಕಣ್ಣು ವಾಸ್ತವವಾಗಿ ಕಂಪ್ಯೂಟರಿನ ಒಂದು ಸ್ಮೃತಿ ಬಿಲ್ಲೆ. ಮುಚ್ಚಳ ತೆಗೆದು ಬೆಳಕು ಬೀಳುವಂತೆ ಮಾಡಿದ್ದರು. ನೆನಪಿನ ಅಂಗವನ್ನೇ ನೋಡುವ ಅಂಗವಾಗಿಸಿದ ಈ ಉಪಾಯ ಕವಿಕಲ್ಪನೆಯಂತೆ ಕಂಡರೂ ಅದು ಹವ್ಯಾಸಿಗಳ ಕಾಸಿನ ಕೊರತೆಯಿಂದ ಹುಟ್ಟಿದ ಜಾಣ್ಮೆ. ಅದಕ್ಕೂ ಹಿಂದೆ, 1972ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ವಿಲ್ಲಿಸ್ ಆಡ್‌ಕಾಕ್ ಫಿಲ್ಮಿಲ್ಲದ ಕ್ಯಾಮೆರಾಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. 1957ರಲ್ಲಿ ರಸೆಲ್ ಕಿರ್ಷ್ ತಮ್ಮ ಮೂರು ತಿಂಗಳ ಮಗನ ಫೋಟೋವನ್ನು 176ಕ್ಕೆ 176 ಚೌಕಗಳಾಗಿ ಒಡೆದು ಕಂಪ್ಯೂಟರಿಗೆ ಉಣಿಸಿದ್ದರು. ಅದು ಕ್ಯಾಮೆರಾ ಅಲ್ಲ, ಸ್ಕ್ಯಾನರ್ ಎಂದು ಬೇರ್ಪಡಿಸಬಹುದು. ಇತ್ತ 1981ರಲ್ಲಿ ಸೋನಿ ಕಂಪನಿ ಪ್ರದರ್ಶಿಸಿದ ಮಾವಿಕಾವನ್ನು ಹಲವರು ಡಿಜಿಟಲ್ ಎಂದು ಬರೆದರೂ ಅದು ಟಿ.ವಿ. ಸಂಕೇತವನ್ನು ಪುಟ್ಟ ಫ್ಲಾಪಿಯಲ್ಲಿ ಇಡುತ್ತಿದ್ದ ಅನಲಾಗ್ ಯಂತ್ರ. 1988ರ ಫ್ಯೂಜಿ ಡಿಎಸ್-1ಪಿ, 1990ರ ಡೈಕ್ಯಾಮ್, 1995ರಲ್ಲಿ ಬೆನ್ನಿಗೆ ತೆರೆ ಅಂಟಿಸಿಕೊಂಡು ಬಂದ ಕ್ಯಾಸಿಯೋ ಕ್ಯೂವಿ-10 ಎಲ್ಲವೂ ಒಂದಲ್ಲ ಒಂದು ವಿಶೇಷಣದೊಂದಿಗೆ 'ಮೊದಲು' ಎನಿಸಿಕೊಂಡಿವೆ. ವಿಶೇಷಣಗಳನ್ನು ಬದಲಿಸುತ್ತ ಹೋದರೆ ಪ್ರತಿಯೊಬ್ಬರೂ ಮೊದಲಿಗರೇ.

ಸಿಸಿಡಿಯ ಹುಟ್ಟಿನಲ್ಲಿಯೂ ಇದೇ ತೊಡಕಿದೆ. 1969ರ ಅಕ್ಟೋಬರಿನಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅದರ ತತ್ತ್ವವನ್ನು ಹಲಗೆಯ ಮೇಲೆ ಬರೆದದ್ದು ಒಂದು ಬಗೆಯ ಸ್ಮೃತಿ ಸಾಧನವಾಗಿ. ಊರಿಗೆ ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೊಡದಿಂದ ಕೊಡಕ್ಕೆ ನೀರು ದಾಟಿಸುವಂತೆ, ಬಿಲ್ಲೆಯ ಮೇಲಿನ ಪುಟ್ಟ ಗುಳಿಗಳಲ್ಲಿ ತುಂಬಿದ ವಿದ್ಯುದಂಶವನ್ನು ಗುಳಿಯಿಂದ ಗುಳಿಗೆ ದಾಟಿಸಿ ಅಂಚಿನಲ್ಲಿ ಎಣಿಸುವುದು ಅದರ ಕ್ರಮ. ಅದನ್ನು ಚಿತ್ರ ಹಿಡಿಯುವ ಸಾಧನವಾಗಿ ಮಾಡಿ ತೋರಿಸಿದವರು ಅದೇ ಪ್ರಯೋಗಾಲಯದ ಮೈಕೆಲ್ ಟಾಂಪ್‌ಸೆಟ್. 2009ರಲ್ಲಿ ನೊಬೆಲ್ ಬಹುಮಾನ ಬಾಯ್ಲ್ ಮತ್ತು ಸ್ಮಿತ್ ಅವರಿಗೆ ಬಂದಿತು. ಬಹುಮಾನದ ಒಕ್ಕಣೆಯಲ್ಲಿದ್ದುದು ಚಿತ್ರಗ್ರಾಹಿ ಸರ್ಕ್ಯೂಟಿನ ಆವಿಷ್ಕಾರ ಎಂಬ ಮಾತು. ಚಿತ್ರ ಹಿಡಿದವನ ಹೆಸರಿರಲಿಲ್ಲ. ಟಾಂಪ್‌ಸೆಟ್ ಸಾರ್ವಜನಿಕವಾಗಿಯೇ ಆಕ್ಷೇಪಿಸಿದರು.

ಇಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳನ್ನು ನೆನೆಯದಿರಲು ಸಾಧ್ಯವಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಮಾತು ಚಕ್ರವರ್ತಿಯದು, ಆದರೆ ಬರೆದವನು ಚಪಡನೆಂಬ ಲಿಪಿಕಾರ. ಆತ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿಸಿದ್ದಾನೆ. ಚಪಡನು ಅಶೋಕನ ಧರ್ಮದ ಕರ್ತೃವಲ್ಲ. ಆದರೂ ಅವನಿಲ್ಲದೆ ಈ ಬಂಡೆಗಳ ಮೇಲೆ ಆ ಮಾತು ಇರುತ್ತಿರಲಿಲ್ಲ. ಸ್ಯಾಸನ್ ಅವರ ಯಂತ್ರವನ್ನು ಕಟ್ಟುವಲ್ಲಿ ಜಿಮ್ ಶ್ಯೂಕ್ಲರ್, ರಿಕ್ ಒಸೀಕಿ, ಬಾಬ್ ಡಿಯೇಗರ್ ಎಂಬ ತಂತ್ರಜ್ಞರ ಕೈ ಇತ್ತು. ಸ್ಯಾಸನ್ ಅವರೇ ಈ ಹೆಸರುಗಳನ್ನು ಕೃತಜ್ಞತೆಯಿಂದ ದಾಖಲಿಸಿದ್ದಾರೆ. ಕಥೆ ಮಾತ್ರ ಅವರನ್ನು ಉಳಿಸಿಕೊಂಡಿಲ್ಲ. ಬಂಡೆ ಕಥೆಗಿಂತ ಉದಾರ ಎನ್ನಬೇಕು.

ಈ ಎಲ್ಲವನ್ನೂ 'ಆವಿಷ್ಕಾರ ಸಾಮೂಹಿಕವಾದದ್ದು' ಎಂಬ ಸವಕಲು ತೀರ್ಮಾನಕ್ಕೆ ತಂದು ನಿಲ್ಲಿಸುವುದು ಈ ಲೇಖನದ ಉದ್ದೇಶವಲ್ಲ. ಸಮೂಹವೆಂದರೆ ಹೆಸರಿಲ್ಲದ್ದು ಎಂದು ತಿಳಿಯುವುದು ನಮ್ಮ ಶಿಸ್ತಿನಲ್ಲಿ ಬಹುಕಾಲ ಬೇರೂರಿದ್ದ ಭ್ರಮೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳು ಕೃಷ್ಣಮೂರ್ತಿ ಹನೂರರ ಸಂಪಾದನೆಯಲ್ಲಿ ಪುಸ್ತಕವಾಗಿ ಬಂದಾಗ ಆ ಭ್ರಮೆ ಸಾಕಷ್ಟು ಮಟ್ಟಿಗೆ ಕಳಚಿತು. ಹಾಡುಗಳು ಹಟ್ಟಿಯವು, ಹಲವು ತಲೆಮಾರುಗಳವು. ಆದರೂ ಅವು ಸಿರಿಯಜ್ಜಿಯವು. ಎರಡೂ ಏಕಕಾಲಕ್ಕೆ ನಿಜ. ಪಾಠಾಂತರವನ್ನು ಒಪ್ಪುವುದೆಂದರೆ ಪ್ರತಿ ಪಾಠದ ಹಿಂದೆಯೂ ಒಬ್ಬ ಹಾಡುಗಾರ್ತಿಯಿದ್ದಾಳೆ ಎಂದು ಒಪ್ಪುವುದೂ ಹೌದು. ಡಿಜಿಟಲ್ ಕ್ಯಾಮೆರಾದ ಚರಿತ್ರೆಗೆ ಬೇಕಾದದ್ದು ಈ ಬಗೆಯ ಸಂಪಾದನೆ. ಒಬ್ಬ ಮೊದಲಿಗನ ಬದಲು ಅನಾಮಿಕ ಸಮೂಹವನ್ನು ಕೂರಿಸುವುದಲ್ಲ. ಕಿರ್ಷ್, ಆಡ್‌ಕಾಕ್, ಟಾಂಪ್‌ಸೆಟ್, ವಾಕರ್, ಶ್ಯೂಕ್ಲರ್ ಎಂಬ ಹೆಸರುಗಳನ್ನು ಅವರವರ ಪಾಠದೊಂದಿಗೆ ಇಡುವುದು.

ಕ್ಯಾಸೆಟ್ಟಿನ ವಿಚಾರ ಈ ಚರಿತ್ರೆಯ ಅತ್ಯಂತ ಫಲವತ್ತಾದ ಭಾಗವೆಂದು ನನ್ನ ಅಭಿಪ್ರಾಯ. ಸ್ಯಾಸನ್ನನ ಯಂತ್ರ ಚಿತ್ರವನ್ನು ಕ್ಷಣದಲ್ಲಿ ಹಿಡಿಯುತ್ತಿತ್ತು. ಅದನ್ನು ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಈ ಸೀಮೆಯ ಮ್ಯಾಸಬೇಡರ, ಕಾಡುಗೊಲ್ಲರ ಕಾವ್ಯಗಳು ಅಕ್ಷರಕ್ಕೆ ಬಂದದ್ದು ಬಹುಮಟ್ಟಿಗೆ ಟೇಪ್ ರೆಕಾರ್ಡರಿನ ಮೂಲಕ. ಹಟ್ಟಿಯ ಹಾಡೂ ರಾಚೆಸ್ಟರಿನ ಮುಖವೂ ಒಂದೇ ಬಗೆಯ ಕಂದು ಪಟ್ಟಿಯ ಮೇಲೆ ನೆಲೆಸಿದ್ದವು ಎಂಬುದು ಬರಿಯ ಕಾಕತಾಳೀಯವಲ್ಲ. ಅದುವರೆಗಿನ ಫೋಟೋ ಒಂದು ಗುರುತು. ಕೆಸರಿನಲ್ಲಿ ಮೂಡಿದ ಹೆಜ್ಜೆಯಂತೆ ಬೆಳಕು ಬಿದ್ದಲ್ಲಿ ಫಿಲ್ಮಿನ ಬೆಳ್ಳಿ ಕಪ್ಪಾಗುತ್ತದೆ. ಹಾಳೆಯ ಮೇಲೆ ಅದನ್ನು ಕಣ್ಣಿನಿಂದಲೇ ನೋಡಬಹುದು. ರೈಸ್ ಅವರ ಕಾಲದಲ್ಲಿ ಒದ್ದೆ ಕಾಗದವನ್ನು ಬಂಡೆಗೆ ಒತ್ತಿ ತೆಗೆಯುತ್ತಿದ್ದ ಅಚ್ಚು ಪ್ರತಿಯ ಜಾತಿಗೆ ಸೇರಿದ್ದು ಅದು. ಕ್ಯಾಸೆಟ್ಟಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಮುಖ ಕಾಣುವುದಿಲ್ಲ. ಅದನ್ನು ಓದಿ, ಅಂಕಿಗಳನ್ನು ಬಿಡಿಸಿ, ತೆರೆಯ ಮೇಲೆ ಮತ್ತೆ ಕಟ್ಟುವ ಇನ್ನೊಂದು ಯಂತ್ರ ಬೇಕು. ಸ್ಯಾಸನ್ನನ ತಂಡ ಕ್ಯಾಮೆರಾದ ಜೊತೆಗೆ ಆ ಓದುಯಂತ್ರವನ್ನೂ ಕಟ್ಟಬೇಕಾಯಿತು. 100 ಸಾಲುಗಳನ್ನು ಟಿ.ವಿ.ಗೆ ಒಗ್ಗಿಸಲು ನಡುವಿನ ಸಾಲುಗಳನ್ನು ಅದು ತಾನೇ ಅಂದಾಜಿಸಿ ತುಂಬುತ್ತಿತ್ತು. ಅಂದರೆ ಮೊದಲ ದಿನದಿಂದಲೇ ಡಿಜಿಟಲ್ ಚಿತ್ರ ಒಂದು ಪುನರುಕ್ತಿ, ಪ್ರತಿ ಬಾರಿಯೂ ಹೊಸದಾಗಿ ಹೇಳಬೇಕಾದ ಪಠ್ಯ. ಹೇಳುವವರಿಲ್ಲವಾದರೆ ಚಿತ್ರವಿಲ್ಲ. ಈ ಅರ್ಥದಲ್ಲಿ ಅದು ಫೋಟೋಗಿಂತ ಹಾಡಿಗೆ ಹತ್ತಿರ.

ಚಿತ್ರ ಅಂಕಿಯಾಗುವ ಮತ್ತು ಅಂಕಿ ಮತ್ತೆ ಚಿತ್ರವಾಗುವ ಕ್ರಮವನ್ನು ಬರಿಗಣ್ಣಿನಿಂದ ನೋಡಬೇಕೆನ್ನುವವರು ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗಗಳತ್ತ ಹೋಗಬಹುದು. ಸೆರಗಿಗೆ ಬೇಕಾದ ನವಿಲನ್ನೋ ಹಣ್ಣನ್ನೋ ಮೊದಲು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾರೆ. ನವಿಲಿನ ಬಾಗಿದ ಕೊರಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ಪ್ರತಿ ಚೌಕವೂ ತುಂಬಿದ್ದು ಅಥವಾ ಖಾಲಿಯಾದದ್ದು, ನಡುವಣ ಸ್ಥಿತಿಯಿಲ್ಲ. ಆ ಹಾಳೆಯನ್ನು ಸಾಲು ಸಾಲಾಗಿ ಓದಿ ಜಕಾರ್ಡಿನ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ. ತೂತಿರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಲಾಳಿ ಹಾಯುತ್ತದೆ. ಕಾರ್ಡುಗಳ ಮಾಲೆಯನ್ನು ಕೈಯಲ್ಲಿ ಹಿಡಿದು ಎಷ್ಟು ನೋಡಿದರೂ ನವಿಲು ಕಾಣುವುದಿಲ್ಲ. ಮಗ್ಗ ಅದನ್ನು ಓದಿದಾಗಲೇ ನವಿಲು.

ಇದರ ಜೊತೆಗೆ ಇಡಬೇಕಾದ ಘಟನೆಯೊಂದು 1965ರ ಜುಲೈ ತಿಂಗಳದು. ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಚಿತ್ರಗಳನ್ನು 200ಕ್ಕೆ 200 ಚೌಕಗಳ ಅಂಕಿಗಳಾಗಿ ಭೂಮಿಗೆ ಕಳುಹಿಸುತ್ತಿತ್ತು. ಒಂದೊಂದು ಚಿತ್ರ ಬರಲು ಎಂಟು ಗಂಟೆಗೂ ಹೆಚ್ಚು ಕಾಲ ಬೇಕಾಗಿತ್ತು. ಕಂಪ್ಯೂಟರು ಚಿತ್ರವನ್ನು ಕಟ್ಟುವವರೆಗೆ ಕಾಯಲಾರದ ಎಂಜಿನಿಯರುಗಳು ಅಂಕಿಗಳನ್ನು ಅಚ್ಚು ಹಾಕಿದ ಕಾಗದದ ಪಟ್ಟಿಗಳನ್ನು ಗೋಡೆಗೆ ಜೋಡಿಸಿ, ಅಂಕಿಗಳ ಒಂದೊಂದು ಶ್ರೇಣಿಗೆ ಒಂದೊಂದು ಬಣ್ಣವೆಂದು ಗೊತ್ತುಮಾಡಿಕೊಂಡು, ಬಣ್ಣದ ಕಡ್ಡಿಗಳಿಂದ ಕೈಯಾರೆ ತುಂಬಿದರು. ಬಾಹ್ಯಾಕಾಶ ನೌಕೆ ಕಳುಹಿಸಿದ ಮಂಗಳದ ಮೊದಲ ನಿಕಟ ಚಿತ್ರ ಹೀಗೆ ಕೈಬಣ್ಣದಲ್ಲಿ ಮೂಡಿತು. ಗ್ರಾಫ್ ಹಾಳೆ ತುಂಬುವ ಮೊಳಕಾಲ್ಮುರಿನ ಕಸುಬುದಾರನಿಗೆ ಆ ಕೆಲಸವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಡಿಜಿಟಲ್ ಚಿತ್ರ ನಮ್ಮ ಮಗ್ಗದಲ್ಲಿ ಮೊದಲೇ ಇತ್ತು ಎಂಬ ಹೆಮ್ಮೆಯ ವಾದಕ್ಕೆ ಇಳಿಯಬಾರದು. ಜಕಾರ್ಡ್ ಕೂಡ ಫ್ರಾನ್ಸಿನ ಲಿಯಾನ್‌ನಿಂದ ಬಂದದ್ದು, 1804ರ ಸುಮಾರಿನದು. ಎಲ್ಲವೂ ನಮ್ಮಲ್ಲಿತ್ತು ಎಂಬ ವಾದವು ಮೊದಲಿಗನ ಕಥನದ್ದೇ ಇನ್ನೊಂದು ರೂಪ; ನಾಯಕನ ಊರು ಬದಲಾಗಿರುತ್ತದೆ, ಅಷ್ಟೆ. ಮಗ್ಗದಿಂದ ಸಿಗುವುದು ಆದ್ಯತೆಯ ಹಕ್ಕಲ್ಲ, ತಿಳಿವು. ಚೌಕ ಎಷ್ಟು ದೊಡ್ಡದಿರಬೇಕು, ಯಾವುದನ್ನು ತುಂಬಬೇಕು, ಯಾವುದನ್ನು ಖಾಲಿ ಬಿಡಬೇಕು ಎಂದು ನಿರ್ಧರಿಸುವವರೊಬ್ಬರು ಯಾವಾಗಲೂ ಇರುತ್ತಾರೆ ಎಂಬುದು ನೇಕಾರರಿಗೆ ಗೊತ್ತು. ಕ್ಯಾಮೆರಾ ಹಿಡಿದವರು ಅದನ್ನು ಮರೆಯುತ್ತಾರೆ.

ಚೌಕದ ಅಳತೆ ಈ ಸೀಮೆಗೆ ಸಣ್ಣ ವಿಷಯವಲ್ಲ. ಭಾರತದಲ್ಲಿ ಡಿಜಿಟಲ್ ಕ್ಯಾಮೆರಾದ ಆದಿಚರಿತ್ರೆ ನಡೆದದ್ದು ಮದುವೆ ಮಂಟಪಗಳಲ್ಲಲ್ಲ, ಕಕ್ಷೆಯಲ್ಲಿ. 1979ರ ಭಾಸ್ಕರ-1 ಉಪಗ್ರಹದಲ್ಲಿ ಟಿ.ವಿ. ಕ್ಯಾಮೆರಾಗಳಿದ್ದವು. 1983ರ ರೋಹಿಣಿ ಉಪಗ್ರಹದ ಕ್ಯಾಮೆರಾ 2,500ಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು. 1988ರ ಮಾರ್ಚ್ 17ರಂದು ಸೋವಿಯತ್ ರಾಕೆಟ್ಟಿನಲ್ಲಿ ಬೈಕನೂರಿನಿಂದ ಮೇಲೇರಿದ ಐಆರ್‌ಎಸ್-1ಎ ಉಪಗ್ರಹದಲ್ಲಿ 2,048 ಕಣಗಳ ಸಿಸಿಡಿ ಸಾಲುಗಳಿದ್ದವು. ಅಂದು ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಆ ಉಪಗ್ರಹದ ಒಂದು ಕ್ಯಾಮೆರಾದ ಪಿಕ್ಸೆಲ್ ನೆಲದ ಮೇಲೆ ಪಕ್ಕಕ್ಕೆ 72.5 ಮೀಟರ್, ಇನ್ನೊಂದರದು 36.25 ಮೀಟರ್. ನಮ್ಮ ಪಹಣಿಯ ಲೆಕ್ಕದಲ್ಲಿ ಮೊದಲನೆಯದು ಸುಮಾರು 1 ಎಕರೆ 12 ಗುಂಟೆ, ಎರಡನೆಯದು ಸುಮಾರು 13 ಗುಂಟೆ. ಇಷ್ಟು ಜಾಗದ ಮೇಲಿನ ಬೆಳಕೆಲ್ಲ ಸೇರಿ ಪ್ರತಿ ಬಣ್ಣಕ್ಕೆ ಒಂದೇ ಅಂಕಿ. 13 ಗುಂಟೆಯಲ್ಲಿ ಮ್ಯಾಸನಾಯಕರ ದೇವರ ಎತ್ತುಗಳ ರೊಪ್ಪವೊಂದು ಇರಬಹುದು, ಅದನ್ನು ಕಾಯುವ ಕಿಲಾರಿಯ ಗುಡಿಸಲಿರಬಹುದು, ಮೀಸಲು ಬಿಟ್ಟ ಮರವೊಂದಿರಬಹುದು. ಇವೆಲ್ಲ ಸರಾಸರಿಯೊಳಗೆ ಕರಗುತ್ತವೆ.

ಉಪಗ್ರಹ ಚಿತ್ರಗಳನ್ನು ಆಧರಿಸಿ ದೇಶದ ಪಾಳುಭೂಮಿಗಳ ಅಟ್ಲಾಸನ್ನು 2000ದಲ್ಲಿ ಮೊದಲ ಬಾರಿಗೆ ಪ್ರಕಟಿಸಲಾಯಿತು. ಅದರ ವರ್ಗೀಕರಣದಲ್ಲಿ ಕುರುಚಲು ಇರುವ ಭೂಮಿ, ಇಲ್ಲದ ಭೂಮಿ, ಕ್ಷೀಣಿಸಿದ ಹುಲ್ಲುಗಾವಲು ಎಂಬ ಬಗೆಗಳಿವೆ. ಕಾವಲು ಎಂಬ ಬಗೆಯಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದು, ಸುತ್ತಲ ಹಳ್ಳಿಗಳ ಕುರಿದನಗಳೂ ಮೇಯುತ್ತಿದ್ದ ಹುಲ್ಲುನೆಲವನ್ನು ಹೆಸರಿಸಲು ಅಂಕಿಯ ಭಾಷೆಯಲ್ಲಿ ಪದವಿರಲಿಲ್ಲ. ಮುಂದೆ ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ 1,500 ಎಕರೆ ಬಂದಿತು. ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯ ನಡೆಯಿತು. ಈ ಹಂಚಿಕೆಗೆ ಉಪಗ್ರಹದ ಚಿತ್ರವೇ ಕಾರಣವೆಂದು ಹೇಳುವಂತಿಲ್ಲ, ಆಡಳಿತದ ನಿರ್ಧಾರಗಳಿಗೆ ಬೇರೆ ದಾರಿಗಳಿವೆ. ಆದರೆ ಕಾವಲನ್ನು ಖಾಲಿ ಜಾಗವಾಗಿ ಕಾಣುವ ಕಣ್ಣು ಎರಡು ಕಡೆಯೂ ಒಂದೇ.

ಉಳ್ಳಾರ್ತಿಯ ಕಥೆಗೆ ಇನ್ನೊಂದು ತಿರುವಿದೆ. ಚಂದ್ರಯಾನ-2ರ ಇಳಿನೌಕೆಯ ಸಂವೇದಕಗಳನ್ನು ಪರೀಕ್ಷಿಸಲು 2016ರಲ್ಲಿ ಇಸ್ರೊ ಅಲ್ಲಿ ಚಂದ್ರನ ಮೇಲ್ಮೈಯನ್ನು ಹೋಲುವ ಕೃತಕ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ವಿಮಾನ ಹಾರಿಸಿತು. 2019ರ ಸೆಪ್ಟೆಂಬರಿನಲ್ಲಿ ಆ ಇಳಿನೌಕೆ ನೆಲಕ್ಕಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಅಪಾಯದ ಜಾಗವನ್ನು ತಾನೇ ಗುರುತಿಸಿ ದೂರ ಸರಿಯುವ ಕ್ಯಾಮೆರಾ ಅದರಲ್ಲಿತ್ತು. ಇದು ದೊಡ್ಡ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ. ದನ ಮೇಯುತ್ತಿದ್ದ ಕಾವಲೊಂದು ನಿರ್ಜೀವ ಚಂದ್ರನೆಲದ ಪ್ರತಿನಿಧಿಯಾಗಿ ಆಯ್ಕೆಯಾದದ್ದನ್ನು ಮಾತ್ರ ಸಂಸ್ಕೃತಿಯ ಅಧ್ಯಯನಕಾರರು ಗಮನಿಸದೆ ಬಿಡುವಂತಿಲ್ಲ.

ನೆಲದ ಮೇಲಿನ ಕ್ಯಾಮೆರಾದ ವಿಷಯಕ್ಕೆ ಬಂದರೆ, ಅಲ್ಲಿ ಆದದ್ದು ಕೊರತೆಯಿಂದ ಸಮೃದ್ಧಿಗೆ ಆದ ಪಲ್ಲಟ. 36 ಚಿತ್ರಗಳ ರೀಲು ಹಾಕಿಕೊಂಡು ಜಾತ್ರೆಗೆ ಹೋಗುತ್ತಿದ್ದ ಸಂಶೋಧಕ ಎಣಿಸಿ ಎಣಿಸಿ ಗುಂಡಿ ಒತ್ತುತ್ತಿದ್ದ. ಸ್ಯಾಸನ್ನನ ಕ್ಯಾಸೆಟ್ಟಿಗೆ ಇನ್ನೂ ಹೆಚ್ಚು ಚಿತ್ರ ಹಿಡಿಸುತ್ತಿದ್ದರೂ ಆತ ಅದನ್ನು ಮೂವತ್ತಕ್ಕೆ ನಿಲ್ಲಿಸಿದ. ಫಿಲ್ಮ್ ರೀಲಿನಲ್ಲಿ ಬರುತ್ತಿದ್ದ 24 ಮತ್ತು 36ರ ನಡುವೆ ಒಂದು ಸಂಖ್ಯೆ ಜನರಿಗೆ ಒಗ್ಗುತ್ತದೆಂದು ಅವನ ಊಹೆ. ಹೊಸ ಸಾಧನ ಹಳೆಯ ರೂಢಿಯ ಮರ್ಯಾದೆಯನ್ನು ಮೀರದಿರುವ ಇಂಥ ಉದಾಹರಣೆ ಜಾನಪದದಲ್ಲಿ ಬೇಕಾದಷ್ಟಿವೆ. ಆ ಮಿತಿ ಕಳಚಿ ಬಹುಕಾಲವಾಯಿತು. ಆದರೂ ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಬಹುತೇಕ ಎಲ್ಲವೂ ಒಂದೇ ಚಿತ್ರ: ಕಾಡುಗೊಲ್ಲ ಯುವಕ ಬರಿಗಾಲಿನಲ್ಲಿ ಮುಳ್ಳಿನ ಗುಡಿ ಏರುತ್ತಿರುವ ಕ್ಷಣ. ಮುಳ್ಳನ್ನು ತಂದವರು ಯಾರು, ಕಟ್ಟಿದವರು ಯಾರು, ಕಲಶ ಇಳಿದ ಮೇಲೆ ಏನಾಯಿತು ಎಂಬುದಕ್ಕೆ ಚಿತ್ರಗಳು ಕಡಿಮೆ. ರೀಲಿನ ಕಾಲದಲ್ಲಿ ಈ ಆಯ್ಕೆಗೆ ಬಡತನದ ಸಮರ್ಥನೆಯಿತ್ತು. ಸಾವಿರ ಚಿತ್ರ ತೆಗೆಯಬಲ್ಲ ಕ್ಯಾಮೆರಾ ಅದೇ ಒಂದು ಚಿತ್ರವನ್ನು ಸಾವಿರ ಬಾರಿ ತೆಗೆಯುತ್ತಿರುವುದು ಯಂತ್ರದ ದೋಷವಲ್ಲ, ನಮ್ಮ ದೃಷ್ಟಿಯ ಪ್ರಶ್ನೆ.

ಅದಕ್ಕಿಂತ ತುರ್ತಿನದು ಓದುಯಂತ್ರದ ಪ್ರಶ್ನೆ. 2000ದ ದಶಕದಲ್ಲಿ ಸಿ.ಡಿ.ಗಳಿಗೆ ತುಂಬಿಟ್ಟ ಕ್ಷೇತ್ರಕಾರ್ಯದ ಚಿತ್ರಗಳಲ್ಲಿ ಇಂದು ತೆರೆಯದವು ಹೇರಳ, ಸಿ.ಡಿ. ಹಾಕುವ ಕಿಂಡಿಯೇ ಹೊಸ ಕಂಪ್ಯೂಟರುಗಳಲ್ಲಿಲ್ಲ. ತೆರೆದರೂ ಫೈಲಿನ ಹೆಸರಾಗಿ ಕಾಣುವುದು ಕ್ಯಾಮೆರಾ ತಾನೇ ಕೊಟ್ಟ ಮೂರು ಅಕ್ಷರ, ನಾಲ್ಕು ಅಂಕಿ. ಹಾಡಿದವಳು ಆ ಅಂಕಿಯಾಗಿದ್ದಾಳೆ. ಚಪಡ ಬಂಡೆಯ ಮೇಲೆ ಪಡೆದ ಒಂದು ಸಾಲು ಅವಳಿಗೆ ಸಿಕ್ಕಿಲ್ಲ. ಇದಕ್ಕೆ ತಾಂತ್ರಿಕ ಪರಿಹಾರಗಳಿವೆ. ಪ್ರತಿಗಳನ್ನು ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ದಾಟಿಸುತ್ತಿರುವುದು ಅವುಗಳಲ್ಲಿ ಮುಖ್ಯವಾದದ್ದು, ಗ್ರಂಥಾಲಯಗಳು ಕೈಗೊಳ್ಳಬೇಕಾದದ್ದು. ಹೆಸರನ್ನು ಮರಳಿ ಕೂಡಿಸುವ ಕೆಲಸ ಗ್ರಂಥಾಲಯದಲ್ಲಿ ಆಗುವುದಿಲ್ಲ. ಹಳೆಯ ಚಿತ್ರಗಳನ್ನು ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿಕೊಂಡು ಹಟ್ಟಿಗಳಿಗೆ ಹೋದಾಗ ನನಗೆ ಕಂಡದ್ದೆಂದರೆ, ವಯಸ್ಸಾದ ಹೆಂಗಸರು ಮುಖಗಳನ್ನು ಒಂದೊಂದಾಗಿ ಬೆರಳಿಟ್ಟು ಗುರುತಿಸುತ್ತಾರೆ. ಹೆಸರಿನ ಜೊತೆಗೆ ತವರು, ಕೊಟ್ಟ ಊರು, ಯಾವ ಪದಕ್ಕೆ ಆಕೆಯ ಕಂಠ ಒಪ್ಪುತ್ತಿತ್ತು ಎಂಬುದೂ ಬರುತ್ತದೆ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದುತ್ತಾಳೆ. ಒಂದೇ ಮುಖಕ್ಕೆ ಎರಡು ಹೆಸರು ಬಂದರೆ ಎರಡನ್ನೂ ಬರೆದುಕೊಳ್ಳಬೇಕಾಗುತ್ತದೆ. ಹೀಗೆ ಗುರುತಿಸಬಲ್ಲವರು ಹಟ್ಟಿಗೆ ಈಗ ಇಬ್ಬರೋ ಮೂವರೋ ಉಳಿದಿದ್ದಾರೆ, ಅವರ ಕಣ್ಣೂ ಮಂಜಾಗುತ್ತಿದೆ. ಅಚ್ಚು ಹಾಕಿಸಬೇಕಾದ ಚಿತ್ರಗಳ ಸಂಖ್ಯೆ ಸಾವಿರಗಳಲ್ಲಿದೆ.